ಗಂಡನೆದುರಿಗೂ ಹಿಜಾಬ್

ಬಾಗಿಲು ತೆಗೆದ ಹೆಂಡತಿಯ ತಲೆ ಮೇಲೆ ಹಿಜಾಬ್ ಇತ್ತು. ಎಲ್ಲಿಗೋ ಹೊರಟಿರಬೇಕು ಅಂದುಕೊಂಡ. ಒಳಗೆ ಹೋಗಿ ನೋಡಿದರೆ ಒಲೆ ಮೇಲೆ ಹಾಲು ಕಾಯುತ್ತಿತ್ತು.

"ಎಲ್ಲಿಗೆ ಸವಾರಿ?"

"ಎಲ್ಲಿಗೂ ಇಲ್ಲ."

"ಮತ್ತೆ ಇದು?"

"ಚಳಿ," ಅಂದಳು. ಹಣೆ ತುಂಬ ಬೆವರು.

ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹಿಜಾಬ್ ಇಲ್ಲದೆ ಬಾಲ್ಕನಿಗೂ ಕಾಲಿಡುವವಳಲ್ಲ ಆಕೆ. ಅದು ನನಗೂ ದೇವರಿಗೂ ಇರೋ ಮಾತು, ಅನ್ನುತ್ತಿದ್ದಳು. ಆದರೆ ಲ್ಯಾಬ್‌ನಲ್ಲಿ ದಿನವಿಡೀ ಜನರ ರಕ್ತ ತೆಗೆದು ಮನೆಗೆ ಬಂದವಳೇ ಅದನ್ನು ಬಿಚ್ಚಿ, ಕೂದಲು ಕೊಡವಿ, ಕುರ್ಚಿಗೆ ಒರಗುವಳು. ಹೊಲಿಗೆ ಮೆಷಿನ್ ರಿಪೇರಿ ಅಂಗಡಿಯಿಂದ ಅವನು ಓಡಿಬರುತ್ತಿದ್ದದ್ದೇ ಆ ಹೊತ್ತಿಗೆ. ಬೇರೆ ಗಂಡಸರ ಕಣ್ಣಿಗೆ ಬೀಳದ ಕೂದಲು ತನಗೆ ಮಾತ್ರ ಕಾಣುತ್ತೆ ಅನ್ನೋ ಜಂಬ ಅವನಿಗೆ ಚೆನ್ನಾಗೇ ಇತ್ತು.

ಈಗ ನೋಡಿದರೆ ಊಟದ ತಟ್ಟೆ ಕೈಗೆ ಕೊಡದೆ ಮೇಜಿನ ಮೇಲಿಟ್ಟು ಸರಿಯುತ್ತಾಳೆ. ಮಲಗುವುದು ಹೊರಗಿನ ರೂಮಲ್ಲಿ. ಸೊಂಟ ನೋವಂತೆ, ನೆಲದ ಮೇಲೆ ಮಲಗಿದರೆ ವಾಸಿಯಂತೆ. ಬರೀ ಅಂತೆ ಕಂತೆ.

ತಡೆಯಲಾರದೆ ಅಕ್ಕನಿಗೆ ಫೋನ್ ಮಾಡಿದ.

"ಪಾರ್ಲರ್‌ನವರು ಕೂದಲು ಕೆಡಿಸಿರ್ತಾರೆ ಕಣೋ," ಅಂದಳು ಅಕ್ಕ. ಆಮೇಲೆ ದನಿ ತಗ್ಗಿಸಿ, "ಇಲ್ಲಾ ಬೇರೆ ಏನಾದ್ರೂ ಇದೆಯೋ ಏನೋ. ಸ್ವಲ್ಪ ಕಣ್ಣಿಟ್ಟಿರು."

ಆ 'ಬೇರೆ ಏನಾದ್ರೂ' ಅವನ ತಲೆ ಕೊರೆಯತೊಡಗಿತು. ಫೋನ್ ಬಂದರೆ ಇವಳು ಎದ್ದು ಹೋಗುತ್ತಾಳಲ್ಲ, ಯಾಕೆ? ಲ್ಯಾಬ್‌ಗೆ ಎಷ್ಟು ಜನ ಬರ್ತಾರೋ, ಅದರಲ್ಲಿ ಯಾವನಿದ್ದಾನೋ. ಛೆ, ಹಾಗಿರಲಾರದು ಅಂದುಕೊಳ್ಳುವನು. ಮರುಗಳಿಗೆ ಮತ್ತೆ ಅದೇ.

ಮರುದಿನ ಹೇಳದೆ ಕೇಳದೆ ಬೇಗ ಬಂದ. ಮೆಟ್ಟಿಲ ಮೇಲಿರುವಾಗಲೇ ಅವಳ ದನಿ ಕೇಳಿಸಿತು.

"ಇನ್ನೂ ಕೇಳಿಲ್ಲ... ಅವರ ಮುಖ ನೋಡಿದ್ರೆ ಧೈರ್ಯನೇ ಬರಲ್ಲ. ಹೌದು ಅಂದ್ಬಿಟ್ರೆ ನಾನು ಗಂಟುಮೂಟೆ ಕಟ್ಟಬೇಕಲ್ಲ."

ಅವನು ಬಾಗಿಲು ದೂಡಿದ. "ಯಾರವನು?"

ಅವಳು ಬೆಚ್ಚಿದಳು. ಫೋನನ್ನು ಸ್ಪೀಕರ್‌ಗೆ ಹಾಕಿದಳು. "ಬಂದನೇನಮ್ಮ ನಿನ್ನ ಗಂಡ? ಈಗಲೇ ಕೇಳಿಬಿಡು," ಅಂದಿತು ಒಂದು ವಯಸ್ಸಾದ ಹೆಣ್ಣುದನಿ. ಇಮಾಮರ ಹೆಂಡತಿ. ಅಷ್ಟು ಹೇಳಿ ಫೋನಿಟ್ಟರು.

ಅವನ ಮುಖ ಸಣ್ಣದಾಯಿತು. "ಏನು ಕೇಳ್ಬೇಕಿತ್ತು?"

"ಮೊನ್ನೆ ಜಗಳದಲ್ಲಿ ಒಂದು ಮಾತು ಅಂದ್ರಿ."

ಸುತ್ತಾಡಲು ಕರೆದುಕೊಂಡು ಹೋಗುತ್ತೇನೆಂದು ಹೇಳಿ ಅಂಗಡಿಯಲ್ಲೇ ಉಳಿದ ದಿನ ಅದು. ಮೆಷಿನ್ನನ್ನೇ ಕಟ್ಕೋಬೇಕಿತ್ತು ನೀವು, ಅಂದಿದ್ದಳು. ಹಾಗಾದ್ರೆ ತವರಿಗೆ ಹೋಗ್ಬಿಡು, ಅಂದಿದ್ದ. ಅವನಿಗದು ಮರೆತೇ ಹೋಗಿತ್ತು.

"ನನ್ನ ಬಿಡೋ ಮನಸ್ಸಿಂದ ಅಂದಿದ್ರೆ ಅದು ತಲಾಖ್. ಸಿಟ್ಟಲ್ಲಿ ಸುಮ್ನೆ ಬಂದ ಮಾತಾದ್ರೆ ಅಲ್ಲ. ನಿಮ್ಮ ಮನಸ್ಸಲ್ಲಿ ಏನಿತ್ತೋ ಅದೇ ಲೆಕ್ಕ ಅಂದ್ರು ಅವರು. ಅದು ಗೊತ್ತಾಗದೆ ನೀವು ನನಗೆ ಗಂಡನೋ ಪರಗಂಡಸೋ ಅಂತ ಹೇಗೆ ತಿಳ್ಕೊಳ್ಲಿ? ಅದಕ್ಕೇ ಇದು."

"ಅವತ್ತೇ ಕೇಳಬಹುದಿತ್ತಲ್ಲೇ."

"ಕೇಳಿದ್ರೆ ಉತ್ತರ ಬರುತ್ತಲ್ಲ ರೀ. ನನಗೆ ನೀವು ಬೇಕು."

ಇಂಥವಳ ಮೇಲೆ ಅನುಮಾನಪಟ್ಟೆನಲ್ಲ ಅಂತ ಅವನಿಗೆ ನಾಚಿಕೆಯಾಯಿತು.

"ಯೋಚಿಸಿ ಹೇಳಿ," ಅಂದಳು. "ನನಗೆ ಸುಳ್ಳು ಹೇಳಬಹುದು, ಮೇಲಿರೋನಿಗೆ ಆಗಲ್ಲ."

ಅವನು ನಿಜವಾಗಿಯೂ ಯೋಚಿಸಿದ. "ಅಲ್ಲಾಹನಾಣೆ, ಬಿಡೋ ಮನಸ್ಸು ಇರಲಿಲ್ಲ. ಹೋಗಲ್ಲ, ಏನ್ಮಾಡ್ತೀರಾ ಅಂತ ನೀನು ಎದುರು ಬೀಳ್ತೀಯ ಅಂದ್ಕೊಂಡಿದ್ದೆ. ನೀನು ಸುಮ್ನಾಗ್ಬಿಟ್ಟೆ. ತಪ್ಪಾಯ್ತು ಅನ್ನೋಕೆ ನನಗೆ ಬಾಯಿ ಬರಲಿಲ್ಲ. ನೀನಿಲ್ಲದ ಮನೆ ಕಟ್ಕೊಂಡು ನಾನೇನ್ಮಾಡ್ಲಿ?"

ಈಗ ಅನುಮಾನದ ಸರದಿ ಅವಳದು. ಅವನ ಮುಖವನ್ನೇ ನೋಡಿದಳು, ಹೊತ್ತು ತೆಗೆದುಕೊಂಡು ನೋಡಿದಳು. ಅವನು ಕಣ್ಣು ತಪ್ಪಿಸಲಿಲ್ಲ.

"ಇನ್ನೊಮ್ಮೆ ಆ ಮಾತು ಬಂದ್ರೆ?"

"ನಾಲಿಗೆ ಕಚ್ಕೋತೀನಿ."

ಅವಳು ಎದ್ದು ಹತ್ತಿರ ಬಂದು, ಅವನಿಗೆ ಬೆನ್ನು ಹಾಕಿ ನಿಂತಳು.

"ಹಿಂದಿನ ಪಿನ್ನು ಕೈಗೆ ಸಿಗ್ತಿಲ್ಲ," ಅಂದಳು. "ನೀವೇ ತೆಗೀರಿ."