ಮೂರನೇ ಸೇತುವೆಯ ಖಾಲಿ ಲಾರಿ

"ಇವತ್ತೂ ನನ್ನದೇ ಕೊನೆಗಾ?" ಕಿಟಕಿಗೆ ಮೊಣಕೈ ಊರಿ ಎವಾರಿಸ್ತೊ ಕೇಳಿದ.

ಮರಿಸೆಲಾ ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ. ಎತ್ತಿದ್ದರೆ ಅಳು ಬಂದುಬಿಡುತ್ತಿತ್ತು.

ಮೆಕ್ಸಿಕೋದ ಗಡಿಯೂರು ನುವೆವೊ ಲರೇಡೊದ ಆ ಲಾರಿ ಆಫೀಸಿನಲ್ಲಿ ಅವಳದು ಒಂದೇ ಕೆಲಸ. ಸರಕು ತರಲು ಅಮೆರಿಕದ ಕಡೆಗೆ ಖಾಲಿ ಹೋಗುವ ಲಾರಿಗಳ ವಿವರವನ್ನು ಅಲ್ಲಿನ ಕಸ್ಟಮ್ಸ್‌ಗೆ ಆನ್‌ಲೈನ್‌ನಲ್ಲಿ ಮೊದಲೇ ಕಳಿಸುವುದು. ಹೊಟ್ಟೆಯಲ್ಲಿ ಹುಲ್ಲುಕಡ್ಡಿ ಇಲ್ಲದ ಟ್ರೇಲರಿಗೂ ಮ್ಯಾನಿಫೆಸ್ಟ್ ಎಂಬ ಈ ವಿವರಪಟ್ಟಿ ಬೇಕು. ಅದಿಲ್ಲದೆ ಗಡಿನದಿಯ ಮೇಲೆ ಲಾರಿಗಳಿಗೆಂದೇ ಇರುವ ಮೂರನೇ ಸೇತುವೆ ದಾಟುವಂತಿಲ್ಲ. ಎಲ್ಲ ಡ್ರೈವರುಗಳದ್ದೂ ಚಕಚಕ ಹೋಗುತ್ತಿತ್ತು. ಎವಾರಿಸ್ತೊನದ್ದಕ್ಕೆ ಮಾತ್ರ ದಿನಾ ನೆಟ್ ಕೈಕೊಡುತ್ತಿತ್ತು. ಅಷ್ಟು ಹೊತ್ತೂ ಅವನು ಕಿಟಕಿಯಲ್ಲಿ ನಿಂತು, ಅವಳ ಟೋರ್ಟಿಯಾ ರೊಟ್ಟಿಯಲ್ಲಿ ಅರ್ಧ ಕಿತ್ತು ತಿನ್ನುತ್ತಾ ಹರಟುತ್ತಿದ್ದ.

"ನಿಮ್ಮಿಬ್ಬರ ನೆಟ್ ಯಾವಾಗ್ರಪ್ಪಾ ಸರಿಹೋಗೋದು?" ಎಂದು ಮುದುಕ ಡ್ರೈವರ್ ಚೆಮಾ ರೇಗಿಸಿದರೆ ಇಬ್ಬರೂ ಕೆಂಪಗಾಗುತ್ತಿದ್ದರು.

ಇವತ್ತು ಚೆಮಾ ಕೂಡ ರೇಗಿಸಲಿಲ್ಲ. ಎವಾರಿಸ್ತೊನದು ಕೊನೆಯ ಟ್ರಿಪ್. ಅಮೆರಿಕದವಳಾಗಿದ್ದ, ತೀರಿಹೋದ ಹೆಂಡತಿ ಹಾಕಿಟ್ಟಿದ್ದ ಅರ್ಜಿಗೆ ಈಗ ಅಲ್ಲೇ ನೆಲೆಸುವ ವೀಸಾ ಬಂದಿತ್ತು, ಅದರಲ್ಲಿ ಒಳಹೋಗುವ ಗಡುವೂ ಇವತ್ತಿಗೇ ಮುಗಿಯುತ್ತಿತ್ತು. ಷಿಕಾಗೋದಲ್ಲಿ ಅವನ ಮಗಳು ತಾಯಿ ಹೋದಮೇಲೆ ಇನ್ನೂ ಯಾರದೋ ಮನೆಯಲ್ಲಿದ್ದಳು. ಅಪ್ಪ ಅಲ್ಲಿಗೇ ಬಂದು ನೆಲೆಸಿದರೆ ಮಾತ್ರ ಮಗು ಅವನ ಕೈಗೆ ಎಂದು ಕೋರ್ಟು ಹೇಳಿತ್ತು. ಲಾರಿಯನ್ನು ಆಚೆ ದಡದ ಯಾರ್ಡಿನಲ್ಲಿ ಬಿಟ್ಟು ಬಸ್ಸು ಹತ್ತಬೇಕು.

ಜೊತೆಗೆ ಹೋಗೋಣವೆಂದರೆ ಮರಿಸೆಲಾಗೆ ಆ ದಾರಿ ಇಲ್ಲ. ಹತ್ತೊಂಬತ್ತರ ಹುಡುಗಾಟದಲ್ಲಿ, ಕಸಿನ್ ಮದುವೆಗೆಂದು ಹೊರಟು, ಸೇತುವೆಯ ಅಧಿಕಾರಿಯ ಮುಂದೆ "ನಾನು ಅಮೆರಿಕದವಳೇ" ಎಂದು ಸುಳ್ಳು ಹೇಳಿದ್ದಳು. ಸಿಕ್ಕಿಬಿದ್ದಳು, ಅಮೆರಿಕದ ಬಾಗಿಲು ಜೀವಮಾನಕ್ಕೂ ಮುಚ್ಚಿತು. ಎಂಥ ಗ್ರಹಚಾರ ನೋಡಿ, ದಿನವಿಡೀ ಊರಿನ ಲಾರಿಗಳನ್ನೆಲ್ಲ ಆಚೆ ದಾಟಿಸುವವಳು ತಾನು ಮಾತ್ರ ದಾಟುವಂತಿಲ್ಲ.

"ಮರಿಸೆಲಾ, ಕಳಿಸಬೇಡ ಕಣೇ," ಎಂದ ಎವಾರಿಸ್ತೊ ಮೆಲ್ಲಗೆ. "ನೀನು ಕಳಿಸದಿದ್ರೆ ಲಾರಿ ಹೋಗಲ್ಲ. ಗಡುವು ಮುಗಿಯುತ್ತೆ. ನಾನು ಇಲ್ಲೇ ಉಳೀತೀನಿ."

ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಅಬ್ಬಬ್ಬಾ, ಏನ್ ಜಾಣನೋ ನೀನು! ಲಾರಿ ಇಲ್ದಿದ್ರೆ ಒಂದನೇ ಸೇತುವೆ ಇಲ್ವಾ? ನಾಣ್ಯ ಹಾಕಿದ್ರೆ ಗೇಟು ತಿರುಗತ್ತೆ, ಕಾಲಲ್ಲೇ ನಡ್ಕೊಂಡು ಹೋಗ್ಬೋದು. ನಾಳೆ ಮಗಳು ಯಾಕಪ್ಪಾ ಬರ್ಲಿಲ್ಲ ಅಂದ್ರೆ, ಮರಿಸೆಲಾ ಕಳಿಸ್ಲಿಲ್ಲಮ್ಮಾ ಅಂತೀಯಾ?"

ಅವನು ತಲೆ ತಗ್ಗಿಸಿದ. ರೆಪ್ಪೆಯ ಮೇಲೆ ರಸ್ತೆಯ ಧೂಳು ಕೂತಿತ್ತು. ಒರೆಸಲೆಂದು ಅವಳ ಕೈ ತಾನಾಗಿ ಕಿಟಕಿಯಾಚೆ ಚಾಚಿತು. ಇಷ್ಟು ದಿನದಲ್ಲಿ ಅವನನ್ನು ಮುಟ್ಟಿದ್ದು ಅದೇ ಮೊದಲು.

"ನಿನ್ ಮೇಲೆ ಪ್ರಾಣ ಇಟ್ಕೊಂಡಿದೀನಿ," ಎಂದ ಅವನು. "ಹೇಳೋಕೆ ಇವತ್ತಿನವರೆಗೂ ಬಾಯೇ ಬರ್ಲಿಲ್ಲ."

"ನಂಗೂ ಅಷ್ಟೇ ಕಣೋ. ಊರಿಗೆಲ್ಲ ಗೊತ್ತು, ನಾವಿಬ್ಬರೇ ಹೇಳ್ಕೊಂಡಿರ್ಲಿಲ್ಲ."

"ಹಾಗಿದ್ರೆ..."

"ನಿಂದು ಆಗ್ಲೇ ಹೋಯ್ತು," ಎಂದಳು. "ನೀನು ಗೇಟಿಗೆ ಬರೋ ಮುಂಚೆನೇ ಕಳಿಸ್ಬಿಟ್ಟೆ. ಒಪ್ಪಿಗೇನೂ ಬಂತು. ನಿನ್ ಮುಖ ನೋಡಿದ್ಮೇಲೆ ನನ್ ಕೈಲಿ ಆಗ್ತಿರ್ಲಿಲ್ಲ."

ಹಿಂದೆ ಯಾರೋ ಹಾರ್ನ್ ಹೊಡೆದರು. ಚೆಮಾ ಅವರಿಗೆ ಕೆಟ್ಟದಾಗಿ ಬೈದ.

"ರದ್ದು ಮಾಡ್ಬೋದಲ್ವಾ?" ಎವಾರಿಸ್ತೊ ಕಿಟಕಿಯೊಳಗೆ ಬಗ್ಗಿ ಕೇಳಿದ. "ಲಾರಿ ಸೇತುವೆ ಮುಟ್ಟೋವರೆಗೂ ಟೈಮ್ ಇರುತ್ತೆ, ನೀನೇ ಹೇಳಿದ್ದೆ."

"ಹೂಂ, ಮಾಡ್ಬೋದು. ಅದಕ್ಕೇ ಬೇಗ ಹೋಗು ಮಹರಾಯಾ. ದಾರೀಲಿ ಎಲ್ಲೂ ನಿಲ್ಲಿಸ್ಬೇಡ."

ಅವನು ಅವಳ ಅಂಗೈಯನ್ನು ಕೆನ್ನೆಗೊತ್ತಿಕೊಂಡು, ಬಿಟ್ಟು, ಹೋಗಿ ಲಾರಿ ಹತ್ತಿದ. ಖಾಲಿ ಟ್ರೇಲರ್ ಗೇಟಿನ ಹಳ್ಳದಲ್ಲಿ ದಡಬಡ ಕುಲುಕಿತು.

ಮರಿಸೆಲಾ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು, ಲಾರಿ ದಾಟಿತೆಂದು ಪರದೆಯ ಮೇಲೆ ಬರುವವರೆಗೂ ಹಾಗೇ ಕೂತಿದ್ದಳು.