ನಕ್ಷೆಯಿಂದ ಕಾಣೆಯಾದ ನಿಂಗಮ್ಮ

"ಬೇಗ ಬನ್ನಿ ಮೇಡಂ. ಒಂದು ಫೋಟೊಗೆ ಒಂದು ಸಂಸಾರ ಒಡೆಯೋ ಹಂಗಿದೆ."

ಮಹಡಿ ಬಾಡಿಗೆದಾರ ಚೈತನ್ಯ ಹೀಗೆ ಓಡಿಬಂದಾಗ ಬಟವಾಡಿ ಬಡಾವಣೆಯ ಪತ್ತೇದಾರಿಣಿ ಗಂಗಾಂಬಿಕೆ ಅವರೆಕಾಯಿ ಸುಲಿಯುತ್ತಿದ್ದರು. ಕೇಸು ಅಂದರೆ ಅವರಿಗೆ ಹಬ್ಬದೂಟ. ಸಹಾಯಕಿ ಮಾಲಿನಿ ಚಪ್ಪಲಿ ಮೆಟ್ಟುವಷ್ಟರಲ್ಲಿ ಅವರು ಮೆಟ್ಟಿಲೇರಿಯಾಗಿತ್ತು.

ಇದು 2004ರ ಮಾತು. ಗುಬ್ಬಿಯ ದಯಾನಂದ ತನ್ನ ತಾಯಿ ನಿಂಗಮ್ಮನ ಸಾಂಬಾರ್ ಪುಡಿಗೆ ವೆಬ್‌ಸೈಟ್ ಮಾಡಿಸಲು ಹೆಂಡತಿ, ತಂದೆಯೊಡನೆ ಚೈತನ್ಯನ ಬಳಿ ಬಂದಿದ್ದ. ತಾಯಿ ಪಕ್ಕದ ಬೀದಿಯ ಆಸ್ಪತ್ರೆಯಲ್ಲಿದ್ದರು, ಮರುದಿನ ಆಪರೇಷನ್. ಕಂಪ್ಯೂಟರ್ ಮುಟ್ಟುವ ಮುಂಚೆ ಎಲ್ಲ ಕಾಗದದ ಮೇಲೆ ತೀರ್ಮಾನವಾಗಬೇಕೆಂಬುದು ಚೈತನ್ಯನ ಹಟ. ಯಾವ ಪುಡಿ ಯಾವ ಪುಟದಲ್ಲಿ, ಗಿರಾಕಿ ಆರ್ಡರ್ ಕೊಡುವುದೆಲ್ಲಿ ಎಂದು ಕೇಳಿ ಕೇಳಿ ದೊಡ್ಡ ಹಾಳೆಯಲ್ಲಿ ನಕ್ಷೆ ಬರೆದಿದ್ದ. ನಟ್ಟನಡುವೆ ನಿಂಗಮ್ಮನ ಫೋಟೊ ಅಂಟಿಸಿ, ಸುತ್ತ ಚೆಂಡುಹೂವಿನ ಸಾಲು ಬಿಡಿಸಿದ್ದ. ಕಾಫಿ ತಂದು ನೋಡಿದರೆ ಹೂವಿತ್ತು, ಫೋಟೊ ಇರಲಿಲ್ಲ. ಅಷ್ಟರಲ್ಲಿ ಮನೆಯವರು ಮೂವರೂ ಒಂದಲ್ಲ ಒಂದು ಹೊತ್ತು ಕೋಣೆಯಲ್ಲಿ ಒಬ್ಬೊಬ್ಬರೇ ಇದ್ದರು.

"ಇವಳದೇ ಕೆಲಸ" ಎಂದು ದಯಾನಂದ ಹೆಂಡತಿ ತ್ರಿವೇಣಿಯತ್ತ ಕೈತೋರಿದ. "ಹೊಸ ಪುಡಿಗಳೆಲ್ಲ ನಂದು, ನನ್ನ ಫೋಟೊನೂ ಹಾಕ್ಸಿ ಅಂತಿದ್ಲು."

"ನಾನು ಮುಟ್ಟಿಲ್ಲ. ನಂಬಿಕೆ ಇಲ್ದಿದ್ರೆ ಕುಣಿಗಲ್ ಬಸ್ ಹತ್ತಿಸಿಬಿಡಿ, ಅಪ್ಪನ ಮನೆಗೆ ಹೋಗ್ತೀನಿ." ತ್ರಿವೇಣಿ ಬ್ಯಾಗು ಹೆಗಲಿಗೇರಿಸಿದಳು.

ನಿಜ ಹೇಳಬೇಕೆಂದರೆ ಮಾಲಿನಿಗೂ ಅವಳ ಮೇಲೇ ಗುಮಾನಿ. ಮೂಲೆಯಲ್ಲಿ ನಿಂಗಮ್ಮನ ಗಂಡ ಚಿಕ್ಕಬೀರಯ್ಯ ತಲೆ ತಗ್ಗಿಸಿ ಕೂತಿದ್ದರು. ಅವರ ಹೆಗಲ ಟವೆಲಿನ ತುದಿ ಒದ್ದೆ. ಪಾಪ, ಅತ್ತಿದ್ದಾರೆ ಎಂದು ಮಾಲಿನಿಗೆ ಕನಿಕರವಾಯಿತು.

ಗಂಗಾಂಬಿಕೆ ಹಾಳೆಯ ಬೆನ್ನು ಸವರಿ ನೋಡಿ ಎಲ್ಲರನ್ನೂ ಕೂರಿಸಿದರು.

"ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತಾರೆ. ದಯಾನಂದ, ನೀವು ಕಾಣದೇ ತೀರ್ಪು ಕೊಟ್ರಿ. ಸಿಟ್ಟಿದ್ದೋರು ಪರ್ರನೆ ಕೀಳ್ತಾರೆ. ಇಲ್ಲಿ ಹಾಳೆ ಎಲ್ಲೂ ಹರಿದಿಲ್ಲ, ಹಿಂಭಾಗ ಮಾತ್ರ ತೇವ. ಒದ್ದೆ ಬಟ್ಟೆ ಒತ್ತಿ, ಅಂಟು ನೆನೆಸಿ, ಮೆಲ್ಲಗೆ ಬಿಡಿಸಿದಾರೆ. ಹಾಗಾದ್ರೆ ತೆಗೆದೋರಿಗೆ ಫೋಟೊ ಮೇಲೆ ಸಿಟ್ಟಿಲ್ಲ, ಅದರ ಸುತ್ತ ಇರೋದನ್ನ ಕಂಡ್ರೆ ಭಯ. ಚೈತನ್ಯ, ನಮ್ಮಲ್ಲಿ ಎಂಥೋರ ಫೋಟೊಗೆ ಹೂವಿನ ಹಾರ ಹಾಕ್ತಾರಪ್ಪ?"

"ಅಯ್ಯೋ, ತೀರಿಕೊಂಡೋರ ಫೋಟೊಗೆ!" ಎಂದ ಚೈತನ್ಯ.

"ಯಜಮಾನ್ರೇ, ನಿಮ್ಮ ಟವೆಲ್ ಒದ್ದೆ ಇದೆ" ಎಂದರು ಗಂಗಾಂಬಿಕೆ ಮೆತ್ತಗೆ.

ಚಿಕ್ಕಬೀರಯ್ಯ ಒಳಜೇಬಿನಿಂದ ಫೋಟೊ ತೆಗೆದು ಸೊಸೆಯ ಕೈಗಿತ್ತರು. "ಬಾಯ್ಬಿಟ್ಟು ಹೇಳುದ್ರೆ ಅದೇ ಆಗೋಯ್ತದೆ ಅಂತ ಹೆದರ್ಕೊಂಡೆ ಕಣವ್ವ. ನಿನ್ನ ಬೈಯುವಾಗ್ಲೂ ಸುಮ್ಕೆ ಕೂತ್ಕಂಡೆ."

"ನಿಮ್ಮ ಮೇಲೆ ಬೇಜಾರಿಲ್ಲ ಮಾವ. ಅತ್ತೆ ಅಂದ್ರೆ ನಂಗೂ ಜೀವ ಅಂತ ಇವ್ರಿಗೆ ಇಷ್ಟು ವರ್ಷವಾದ್ರೂ ಗೊತ್ತಾಗ್ಲಿಲ್ವಲ್ಲ."

"ತಪ್ಪಾಯ್ತು ಕಣೇ" ಎಂದ ದಯಾನಂದ. "ಬಾ, ಅಮ್ಮ ನಿನ್ನೇ ಕೇಳ್ತಿದ್ರು."

ತ್ರಿವೇಣಿ ಗಂಡನನ್ನು ದಾಟಿ, ಮಾವನ ಕೈಹಿಡಿದು ಆಸ್ಪತ್ರೆಯ ಕಡೆಗೆ ಮೆಟ್ಟಿಲಿಳಿದಳು.