ಉರಿಯ ಮೇಲೆ ಬಿದ್ದ ಬೆಲ್ಲ

"ಟಕ್!"

ಗಂಡಿನ ಸೋದರತ್ತೆ ಮಂಗಳಾ ಫೋಯಿ ಸುಖಡಿಯ ತುಂಡನ್ನು ಸ್ಟೀಲ್ ತಟ್ಟೆಗೆ ಕುಟ್ಟಿದ ಸದ್ದಿಗೆ ಭಾವನಗರದ ಆ ಪುಟ್ಟ ಮನೆಯ ಉಯ್ಯಾಲೆಯೂ ನಿಂತುಹೋಯಿತು.

"ಅಯ್ಯೋ ರಾಮ! ಇದು ಸುಖಡಿಯೋ, ಗೋಡೆ ಕಟ್ಟೋ ಇಟ್ಟಿಗೆಯೋ? ಪಾಪ, ತಾಯಿ ಇಲ್ಲದ ಹುಡುಗಿ... ಕಲಿಸೋರು ಯಾರು!"

ಝಂಖನಾಳ ಮೈಯೆಲ್ಲಾ ಹೊತ್ತಿಕೊಂಡಿತು. ಗೋಧಿ ಹಿಟ್ಟು, ತುಪ್ಪ, ಬೆಲ್ಲ... ಅಮ್ಮ ಕೈ ಹಿಡಿದು ಕಲಿಸಿದ ತಿನಿಸು ಅದು! ಒಂದು ತಟ್ಟೆ ಸಿಹಿ ಮುಂದಿಟ್ಟುಕೊಂಡು ಹೆಣ್ಣನ್ನೂ, ಸತ್ತ ತಾಯಿಯನ್ನೂ ತೂಗುತ್ತಾರಲ್ಲ, ನಾಚಿಕೆಯೇ ಇಲ್ಲವೇ ಈ ಜನಕ್ಕೆ?

ಅವಳು ಭಾರ್ಗವ್‌ನತ್ತ ನೋಡಿದಳು. ನೋಡಲು ಬಂದ ಗಂಡು. ಫೋಯಿಯ ಅಣ್ಣನ ಮಗ.

'ಒಂದು ಮಾತಾಡು... ಒಂದೇ ಒಂದು!'

ಅವನು ತಲೆ ತಗ್ಗಿಸಿ ಕೂತೇ ಇದ್ದ.

ಸಂಬಂಧ ಕುದುರಿದರೆ ಎಲ್ಲರೂ ಬಾಯಿಗೆ ಹಾಕಿಕೊಳ್ಳಬೇಕಿದ್ದ ಬೆಲ್ಲ, ಕೊತ್ತಂಬರಿ ಬೀಜದ ಬಟ್ಟಲನ್ನು ಝಂಖನಾ ಕಿತ್ತುಕೊಂಡಳು.

"ಬಾಯಿಲ್ಲದ ಗಂಡು ನನಗೆ ಬೇಡ ಫೋಯಿ. ನಿಮ್ಮ ಚಪ್ಪಲಿ ಗೇಟ್ ಹತ್ರಾನೇ ಇದೆ."

"ಝಂಖನಾ!" ಎಂದರು ಪಪ್ಪಾ. ಅವಳು ತಿರುಗಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಭಾರ್ಗವ್ ಒಬ್ಬನೇ ಬಂದ. ಪಪ್ಪಾ ಬಾಗಿಲು ತೆಗೆದು, ಪೇಪರ್ ಹಿಡಿದು ಅಂಗಳದಲ್ಲೇ ಕೂತರು. ಅಡುಗೆಮನೆಯಲ್ಲಿ ಝಂಖನಾ ಸಿಟ್ಟಿನಲ್ಲೇ ಮತ್ತೆ ಹಿಟ್ಟು ಹುರಿಯುತ್ತಿದ್ದಳು.

"ನಿನ್ನೆ ನನ್ನ ಬಾಯಿ ಅಂಟ್ಕೊಂಡಿತ್ತು," ಎಂದ ಭಾರ್ಗವ್, ಒಳಗೆ ಬಂದು.

"ಏನು?"

"ನಿಮ್ಮ ಸುಖಡಿ! ಮರ್ಯಾದೆಗೆ ದೊಡ್ಡ ತುಂಡೇ ಹಾಕ್ಕೊಂಡೆ. ಎರಡೂ ದವಡೆ ಒಂದಾಗ್ಹೋಯ್ತು. ಫೋಯಿಗೆ ಬೈಯೋಣ ಅಂದ್ರೆ ಬರೀ ಮ್ಮ್... ಮ್ಮ್!"

ನಗು ನುಗ್ಗಿ ಬಂತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು!

"ಉಗೀಬೇಕಿತ್ತು!"

"ನೀವು ಮಾಡಿದ್ದನ್ನ ನಿಮ್ಮೆದುರೇ ಉಗೀಲಾ? ಆಮೇಲೆ ರಿಕ್ಷಾದಲ್ಲಿ ಫೋಯಿಗೆ ಎಲ್ಲಾ ಹೇಳ್ದೆ."

"ನನ್ನಮ್ಮನ್ನ ಆಡ್ಕೊಂಡಿದ್ದು ಎಲ್ಲರ ಮುಂದೆ. ನೀವು ಬಾಯಿ ಬಿಟ್ಟಿದ್ದು ರಿಕ್ಷಾದಲ್ಲಾ? ಹೋಗಿ ಇಲ್ಲಿಂದ!"

ಅವನ ಮುಖ ಬಿಳುಚಿತು. ಅಲ್ಲೇ ಫೋನ್ ತೆಗೆದು, ಸ್ಪೀಕರ್ ಹಾಕಿದ.

"ಫೋಯಿ, ಝಂಖನಾ ಮನೇಲಿದೀನಿ. ಇವರಮ್ಮನ ಬಗ್ಗೆ ನೀವಾಡಿದ್ದು ತಪ್ಪು. ಇವರ ಹತ್ರ ಕ್ಷಮೆ ಕೇಳೋವರೆಗೂ ನನ್ನ ಮದುವೆ ಮಾತಿಗೆ ನೀವು ಬರೋದೇ ಬೇಡ."

"ಆಹಾ! ಇಟ್ಟಿಗೆ ತಿಂದು ಗಂಡಸಾಗ್ಬಿಟ್ಟ!" ಫೋನ್ ಕಟ್ಟಾಯಿತು.

ಅಂಗಳದಲ್ಲಿ ಪೇಪರ್ ಸದ್ದು ನಿಂತಿತ್ತು. ಝಂಖನಾ ಕಣ್ಣೊರೆಸಿಕೊಂಡು ಬೆಲ್ಲದ ಡಬ್ಬಿಗೆ ಕೈಹಾಕಿದಳು. ಅಷ್ಟರಲ್ಲಿ ಅವನ ಕೈ ಮುಂದೆ ಬಂದು ಒಲೆ ಆರಿಸಿತು.

"ಒಲೆ ಆರಿಸಿ ಬೆಲ್ಲ ಹಾಕ್ಬೇಕು. ಉರಿ ಮೇಲೆ ಹಾಕಿದ್ರೆ ಕಲ್ಲಾಗುತ್ತೆ. ಅಮ್ಮ ಹೇಳ್ಕೊಟ್ಟಿಲ್ವಾ?"

"ಹೇಳ್ಕೊಟ್ಟಿದ್ರು!"

"ಮತ್ತೆ ನಿನ್ನೆ?"

ಅವಳು ಕಿಟಕಿಯಾಚೆ ಗೇಟನ್ನು ನೋಡಿದಳು.

"ನಿನ್ನಿಂದಾನೇ! ನೀನು ಅಲ್ಲಿ ಶೂ ಬಿಚ್ತಿದ್ದೆ. ಕಾಲುಚೀಲದ ತೂತಿಂದ ಹೆಬ್ಬೆರಳು ಇಣುಕ್ತಿತ್ತು. ಯಾರೂ ನೋಡ್ಬಾರ್ದು ಅಂತ ಒದ್ದಾಡ್ತಿದ್ದೆ... ನಾನು ನೋಡ್ತಾ ನಿಂತ್ಬಿಟ್ಟೆ. ಒಲೆ ಆರಿಸೋದೇ ಮರ್ತು ಬೆಲ್ಲ ಹಾಕ್ಬಿಟ್ಟೆ. ಸಾಕಾ?"

ಭಾರ್ಗವ್ ಥಟ್ಟನೆ ತನ್ನ ಕಾಲಿನತ್ತ ನೋಡಿಕೊಂಡ.

"ಈಗ ಯಾವ ಸುಖಡಿ ಅಂಟಿದೆ ಬಾಯಿಗೆ?" ಎಂದು ಗದರಿದಳು.

"ನೀನೇ ಬೇಕು ನನಗೆ... ಎಲ್ಲರ ಮುಂದೆ ಹೇಳ್ತೀನಿ."

ಅವಳು ಒಂದು ಚೂರು ಬೆಲ್ಲಕ್ಕೆ ಕೊತ್ತಂಬರಿ ಬೀಜ ಒತ್ತಿ ಅವನ ಬಾಯಿಗಿಟ್ಟಳು.

"ಇನ್ನೊಂದ್ಸಲ ನನ್ನ ಪರ ಮಾತಾಡ್ದೆ ಸುಮ್ನೆ ಕೂತ್ರೆ?"

"ನಿನ್ನೆಯ ಸುಖಡೀನೇ ತಿನ್ನಿಸು."

"ಎಸೆದಿಲ್ಲ," ಎಂದಳು ಝಂಖನಾ. "ಡಬ್ಬಿ ತುಂಬ ಇದೆ!"